ವಾರ್ಡ್ ಅಭ್ಯರ್ಥಿಯ ಕರಪತ್ರ: ಹಿನ್ನೆಲೆಗೆ ಪಾಸ್, ಆದ್ಯತೆಗೆ ಫೇಲ್

ಬೆಂಗಳೂರಿನ ನಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರ ಕರಪತ್ರವಿದು. ಮಿರುಗುವ ಆರ್ಟ್ ಪೇಪರು, ನಾಲ್ಕು ಮಡಿಕೆ. ಅಭ್ಯರ್ಥಿಯ ಓದು, ಕಸುಬು, ವಾರ್ಡ್ ಸಮಿತಿಯಲ್ಲಿದ್ದ ವರ್ಷಗಳು ಚೊಕ್ಕವಾಗಿವೆ. ಆಸ್ತಿ, ಸಾಲ, ಕೇಸುಗಳ ಮಾತಿಲ್ಲ. ಅದಕ್ಕೆ ನಾಮಪತ್ರದ ಜೊತೆಗಿನ ಅಫಿಡವಿಟ್ಟೇ ಗತಿ. ಕೇಂದ್ರ ಚುನಾವಣಾ ಆಯೋಗದ ಆ್ಯಪಿನಲ್ಲಿ ಹುಡುಕಬೇಡಿ, ಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ.

ಎಡವಟ್ಟಾಗಿರೋದು ಆದ್ಯತೆಗಳಲ್ಲಿ. ಮೊದಲನೆಯದೇ 'ಮನೆಮನೆಗೂ ಕಾವೇರಿ'. ನೀರು, ಒಳಚರಂಡಿ ಜಲಮಂಡಳಿಯದು, ಕರೆಂಟು ಬೆಸ್ಕಾಂನದು. ಕಾರ್ಪೊರೇಟರ್ ಪತ್ರ ಬರೆಯಬಹುದು, ಅಷ್ಟೆ. ಪಾಲಿಕೆಯದೇ ಕೆಲಸವಾದ ಮಳೆನೀರು ಮೋರಿ, ಬೀದಿದೀಪ, ಫುಟ್‌ಪಾತಿಗೆ ಸಿಕ್ಕಿದ್ದು ಆರನೇ ಸಾಲು. ಯಾವ ಅಡ್ಡರಸ್ತೆ, ಎಷ್ಟು ಮೀಟರ್, ಯಾವ ಅನುದಾನ? ಒಂದೂ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಕೌನ್ಸಿಲ್ ಅವಧಿ ಮುಗಿದು, 2025ರಲ್ಲಿ ಒಂದು ಪಾಲಿಕೆ ಐದಾದ ಊರಿದು. ನಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರುತ್ತೆ ಅಂತಲೂ ಅಚ್ಚು ಹಾಕಿಲ್ಲ. ಫೋಟೊಗಳು ಮಾತ್ರ ಹನ್ನೊಂದು.