ದಂಡದ ನೋಟಿಸಿಗೆ ತಕರಾರು ಬರೆದುಕೊಡುವ ಸೇವೆ: ಬಳಸಿ ನೋಡಿದ ಮೇಲೆ

ಸಂಚಾರ ದಂಡದ ನೋಟಿಸುಗಳಿಗೆ ಆಕ್ಷೇಪಣೆ ಬರೆದುಕೊಡುವ ಆನ್‌ಲೈನ್ ಸೇವೆಯೊಂದನ್ನು ಬಳಸಿ ನೋಡಿದೆ. ವಾಹನದ ಸಂಖ್ಯೆ, ದಿನಾಂಕ, ಸ್ಥಳಗಳನ್ನು ಕೇಳಿಕೊಂಡು, ಛಾಯಾಚಿತ್ರದಲ್ಲಿ ನಂಬರ್ ಪ್ಲೇಟ್ ಸ್ಪಷ್ಟವಾಗಿದೆಯೇ, ವೇಗ ಅಳೆಯುವ ಯಂತ್ರದ ತಪಾಸಣೆಯ ದಾಖಲೆಯನ್ನು ಕೋರಬೇಕೇ, ಘಟನೆಗೆ ಮೊದಲೇ ವಾಹನ ಮಾರಾಟವಾಗಿತ್ತೇ ಎಂದು ವಿಚಾರಿಸುವ ಅದರ ಕ್ರಮ ಮೆಚ್ಚುವಂಥದ್ದು. ಕರಡು ಪತ್ರವೂ ಚೊಕ್ಕಟವಾಗಿತ್ತು. ಭಾಷೆ ಮಾತ್ರ ಕೊಂಚ ಜಗಳಗಂಟಿಯದು. ಆದರೆ ದಂಡ ಕಟ್ಟಿಬಿಟ್ಟರೆ ಅನೇಕ ಕಡೆ ತಪ್ಪನ್ನು ಒಪ್ಪಿಕೊಂಡಂತಾಗಿ ತಕರಾರಿನ ಹಕ್ಕೇ ಹೋಗುತ್ತದೆ, ಬೇಗ ಕಟ್ಟುವವರಿಗಿರುವ ರಿಯಾಯಿತಿಯ ಗಡುವು ಆಕ್ಷೇಪಣೆಯ ಗಡುವಿಗಿಂತ ಮೊದಲೇ ಮುಗಿಯಬಹುದು ಎಂಬ ಮುಖ್ಯ ಎಚ್ಚರಿಕೆಯನ್ನು ಅದು ಶುಲ್ಕ ಪಡೆದ ಮೇಲಷ್ಟೇ ತಿಳಿಸಿತು. ತಪ್ಪು ನಿಜವಾಗಿದ್ದಾಗ ಆರ್ಥಿಕ ಅಡಚಣೆಯನ್ನು ವಿವರಿಸಿ ಕಂತನ್ನೋ ಕಡಿತವನ್ನೋ ಕೋರುವ ಅರ್ಜಿಯ ನಮೂನೆ ಅಲ್ಲಿ ಇಲ್ಲವೇ ಇಲ್ಲ.