ಉಡುಪಿಯ ಮಳೆಗೆ ಯಾವ ಬಟ್ಟೆ ಡೈಪರ್? ನಾಲ್ಕು ಬಗೆ ಬಳಸಿದ ಮೇಲೆ

ಬಟ್ಟೆ ಡೈಪರ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಹೊತ್ತು ತಡೆಯುತ್ತದೆ ಅಂತ. ನಮ್ಮ ಕರಾವಳಿಯಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಹೊತ್ತಿಗೆ ಒಣಗುತ್ತದೆ ಅಂತ. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು, ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನಲ್ಲಿ ಸಂಜೆಗೆ ಒಣಗುವ ಡೈಪರ್ ಇಲ್ಲಿ ಜುಲೈಯಲ್ಲಿ ಎರಡು ದಿನ ಹಗ್ಗದ ಮೇಲೆಯೇ ಇರುತ್ತದೆ.

ನನ್ನ ಮಗಳಿಗೆ ಈಗ ಎರಡು ವರ್ಷ ತುಂಬುತ್ತಾ ಬಂತು. ಹುಟ್ಟಿದಾಗಿನಿಂದ ಬಟ್ಟೆಯದ್ದೇ ಹಾಕಿದ್ದೇವೆ. ದೂರ ಪ್ರಯಾಣ ಇದ್ದರೆ ಮಾತ್ರ ಬಿಸಾಡುವ ಡೈಪರ್. ಮಡಚಿ ಕಟ್ಟುವ ಚೌಕ ಬಟ್ಟೆ, ಪದರ ಹೊಲಿದ ಪ್ರಿಫೋಲ್ಡ್, ಪಾಕೆಟ್ ಡೈಪರ್, ಆಲ್-ಇನ್-ಒನ್, ಹೀಗೆ ನಾಲ್ಕು ಬಗೆಯನ್ನೂ ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿದ್ದೇನೆ.

ಬಾಣಂತನಕ್ಕೆ ಬ್ರಹ್ಮಾವರದ ಹತ್ತಿರ ಅಮ್ಮನ ಮನೆಯಲ್ಲಿದ್ದೆ. ಅಲ್ಲಿ ಅಪ್ಪನ ಹಳೆ ಪಂಚೆ ಹರಿದು ಮಾಡಿದ ಚೌಕಗಳು, ತ್ರಿಕೋನ ಮಡಚಿ ಕಟ್ಟುವುದು. ಹಸುಗೂಸಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹೊಕ್ಕುಳ ಬಳ್ಳಿ ಉದುರುವ ತನಕ ಅದರ ಕೆಳಗೆ ಕಟ್ಟಬಹುದು. ಒದ್ದೆಯಾದರೆ ಕೂಡಲೇ ಗೊತ್ತಾಗುತ್ತದೆ. ಅಂಗಡಿಯ ಡೈಪರ್ ಮೇಲೆ 5ರಿಂದ 17 ಕೆಜಿ ಅಂತ ಬರೆದಿರುತ್ತದೆ, ಮೂರು ಕೆಜಿಯ ಮಗುವಿಗೆ ಅದು ಸರಿಯಾಗಿ ಕೂರುವುದಿಲ್ಲ. ತೊಡೆ ಸಪೂರ, ಎಲಾಸ್ಟಿಕ್ ಪಕ್ಕ ಸಂದಿ ಬಿಡುತ್ತದೆ, ಅಲ್ಲಿಂದ ಸೋರುತ್ತದೆ. ಹಾಗಾಗಿ ಬಸುರಿಯರು ಹೆರಿಗೆಗೆ ಮೊದಲೇ ದುಬಾರಿ ಸೆಟ್ ತೆಗೆದಿಡುವ ಅಗತ್ಯ ಇಲ್ಲ. ಮನೆಯಲ್ಲಿ ಮೆತ್ತಗಾದ ಹತ್ತಿ ಬಟ್ಟೆ ಎಷ್ಟಿದೆ ನೋಡಿಕೊಳ್ಳಿ, ಸಾಕು.

ಆಲ್-ಇನ್-ಒನ್ ನಮಗೆ ಉಡುಗೊರೆಯಾಗಿ ಬಂದದ್ದು. ಹೊರಗಿನ ಕವರ್, ಒಳಗಿನ ಹೀರುವ ಪದರ ಎಲ್ಲ ಒಟ್ಟಿಗೇ ಹೊಲಿದಿರುತ್ತಾರೆ. ಹಾಕುವುದು ಸುಲಭ. ಮಗುವನ್ನು ಮಲಗಿಸಿ ಬಟನ್ ಒತ್ತಿದರೆ ಆಯಿತು. ಅತ್ತೆ, ಗಂಡ, ನೋಡಿಕೊಳ್ಳಲು ಬರುವ ಅಕ್ಕ, ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜನವರಿ, ಫೆಬ್ರವರಿಯಲ್ಲಿ ತುಂಬಾ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಅಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ ಹೇಳಿದ್ದು, "ಇಷ್ಟು ದಪ್ಪದ್ದು ಈ ಮಳೆಗೆ ಯಾವಾಗ ಒಣಗುವುದು ಮಾರಾಯ್ತಿ?" ಅಮ್ಮ ಹೇಳಿದ್ದು ಸರಿಯೇ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ. ಎರಡು ಬೆರಳಲ್ಲಿ ನಡುವಿನ ಹೊಲಿಗೆ ಹಿಡಿದು ಒತ್ತಿ ನೋಡಿ, ತಣ್ಣಗೆ ತಾಗುತ್ತದೆ. ಆ ತೇವದಲ್ಲೇ ಮುಗ್ಗಲು ವಾಸನೆ ಹಿಡಿಯುತ್ತದೆ, ಆಮೇಲೆ ಕಪ್ಪು ಚುಕ್ಕೆ, ಬೂಸ್ಟು. ಒಳಗಿನ ಪದರ ಬಿಚ್ಚಿ ಬೇರೆ ಒಣಗಿಸಲು ಆಗುವುದಿಲ್ಲ, ಕವರ್ ಕೂಡಿರುವುದರಿಂದ ಇಸ್ತ್ರಿಯನ್ನೂ ಹಾಕುವಂತಿಲ್ಲ. ಬೆಲೆ ನೋಡಿದರೆ ಪಾಕೆಟ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಬಟ್ಟೆ ಡ್ರೈಯರ್ ಇಲ್ಲದ ಕರಾವಳಿ ಮನೆಗೆ ಇದನ್ನು ಖಂಡಿತ ಹೇಳುವುದಿಲ್ಲ.

ಪಾಕೆಟ್ ಡೈಪರ್ ಬೇರೆ ಕಥೆ. ಹೊರಗೆ ಪಿಯುಎಲ್, ಅಂದರೆ ಪಾಲಿಯೆಸ್ಟರ್ ಬಟ್ಟೆಗೆ ನೀರು ದಾಟದ ಹಾಗೆ ತೆಳ್ಳಗೆ ಪಾಲಿಯುರೆಥೇನ್ ಪದರ ಹಿಡಿಸಿದ್ದು. ಒಳಗೆ ಮೈಗೆ ತಾಗುವ ಮೆತ್ತನೆಯ ಪದರ. ನಡುವೆ ಚೀಲದಂತಹ ಜಾಗ, ಅಲ್ಲಿಗೆ ಇನ್ಸರ್ಟ್, ಅಂದರೆ ಹೀರುವ ಬಟ್ಟೆಯ ಪಟ್ಟಿ, ತುರುಕುವುದು. ಒಗೆಯುವಾಗ ಎರಡನ್ನೂ ಬೇರೆ ಮಾಡುತ್ತೇವೆ. ಹೊರಗಿನ ಚೀಲ ಫ್ಯಾನ್ ಕೆಳಗೆ ರಾತ್ರಿ ಹರವಿದರೆ ಬೆಳಗ್ಗೆ ರೆಡಿ. ತಡವಾಗುವುದು ಇನ್ಸರ್ಟ್, ಅದಕ್ಕೇ ಇನ್ಸರ್ಟ್ ಯಾವುದರದ್ದು ಅಂತ ನೋಡಿ ಕೊಳ್ಳಬೇಕು. ಮೈಕ್ರೋಫೈಬರ್, ಅಂದರೆ ತೀರಾ ಸಪೂರ ಕೃತಕ ನೂಲಿನದ್ದು, ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದರೆ ಮಗು ಕೂತಾಗ, ಎತ್ತಿ ಸೊಂಟಕ್ಕೆ ಏರಿಸಿಕೊಂಡಾಗ ಒತ್ತಡ ಬಿದ್ದು ಹೀರಿದ್ದನ್ನು ಬಿಟ್ಟುಬಿಡುತ್ತದೆ. ಚರ್ಮಕ್ಕೆ ನೇರ ತಾಗಿಸಲೇಬಾರದು, ಚರ್ಮದ ತೇವವನ್ನೂ ಎಳೆದು ಒರಟು ಮಾಡುತ್ತದೆ. ಬ್ಯಾಂಬೂ ಇನ್ಸರ್ಟ್ ನಿಧಾನ ಹೀರುತ್ತದೆ, ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ಮಾತ್ರ ಸತಾಯಿಸುತ್ತದೆ. ರಾತ್ರಿಗೆ ನಾನು ಮೇಲೆ ಮೈಕ್ರೋಫೈಬರ್, ಕೆಳಗೆ ಬ್ಯಾಂಬೂ ಇಟ್ಟು ತುರುಕುತ್ತೇನೆ. ಬೆಳಗಿನ ತನಕ ಹಾಸಿಗೆ ಒದ್ದೆಯಾಗದೆ ನಿಂತದ್ದು ಈ ಜೋಡಿಯೇ. ಹೊಸ ಬ್ಯಾಂಬೂ, ಹತ್ತಿ ಇನ್ಸರ್ಟ್‌ಗಳನ್ನು ಐದಾರು ಸಲ ಒಗೆದ ಮೇಲೆಯೇ ಅವು ಪೂರ್ತಿ ಹೀರಲು ಶುರು ಮಾಡುತ್ತವೆ. ಮೊದಲ ದಿನವೇ ಸೋರಿತು ಅಂತ ಬೇಜಾರು ಮಾಡಬೇಡಿ.

ಹಗಲಿಗೆ ನಾನು ನೆಚ್ಚಿಕೊಂಡದ್ದು ಬೈರಾಸು. ನಮ್ಮಲ್ಲಿ ಮೈ ಒರೆಸುವ ತೆಳ್ಳಗಿನ ಹತ್ತಿ ಬೈರಾಸು ಇದೆಯಲ್ಲ, ಅದೇ. ರಥಬೀದಿಯ ಜವಳಿ ಅಂಗಡಿಯಿಂದ ಬಣ್ಣ ಬಿಡದ್ದು ನೋಡಿ ತಂದೆವು. ಉದ್ದಕ್ಕೆ ಮೂರು ಮಡಿಕೆ, ಮತ್ತೆ ಅಡ್ಡಕ್ಕೆ ಎರಡು, ಅಂಚು ಒಳಗೆ ಸೇರಿಸಿ ಪಿಯುಎಲ್ ಕವರ್ ಮೇಲೆ ಇಡುವುದು. ಹುಡುಗಿಯಾದ್ದರಿಂದ ನಡುವೆ ಒಂದು ಮಡಿಕೆ ಜಾಸ್ತಿ, ಗಂಡು ಮಗುವಾದರೆ ಮುಂದೆ ಬೇಕು. ಒದ್ದೆಯಾದರೆ ಬಟ್ಟೆ ಮಾತ್ರ ಬದಲು. ಕವರ್ ಕೊಳೆಯಾಗದಿದ್ದರೆ ಒರೆಸಿ ಗಾಳಿಗೆ ಬಿಟ್ಟು ಮತ್ತೆ ಬಳಸಬಹುದು. ಒಗೆದ ಬೈರಾಸು ಬಿಡಿಸಿ ಹಾಕಿದರೆ ಒಂದೇ ಪದರ, ಹೊರಗೆ ಧಾರಾಕಾರ ಮಳೆ ಇದ್ದರೂ ಫ್ಯಾನ್ ಗಾಳಿಗೆ ಮಧ್ಯಾಹ್ನದೊಳಗೆ ಒಣಗುತ್ತದೆ. ಸ್ವಲ್ಪ ಹಸಿ ಉಳಿದರೆ ಇಸ್ತ್ರಿ ಎಳೆದರಾಯಿತು. ಅಮ್ಮನ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೂ ಉಂಟು. ಬೇಗ ಒಣಗುತ್ತದೆ, ಹೊಗೆ ವಾಸನೆ ಸ್ವಲ್ಪ ಇರುತ್ತದೆ. ಪಿಯುಎಲ್ ಇರುವುದನ್ನು ಅಲ್ಲಿ ಹಾಕಬೇಡಿ, ಬಿಸಿಗೆ ಆ ಪದರ ಕಳಚುತ್ತದೆ.

ಪ್ರಿಫೋಲ್ಡ್ ಪಾಕೆಟ್, ಬೈರಾಸು ಎರಡರ ನಡುವಿನದ್ದು. ಮಡಚುವ ಕೆಲಸ ಕಡಿಮೆ, ನಡುವಿನ ದಪ್ಪ ಭಾಗ ಒಣಗಲು ಬೈರಾಸಿಗಿಂತ ತಡ. ಮಳೆ ಕಡಿಮೆಯಾದ ಮೇಲೆ ತೆಗೆಯುತ್ತೇನೆ.

ಯಾವ ಬಗೆ ಆದರೂ ಎಲಾಸ್ಟಿಕ್ ತೊಡೆಯ ಮೇಲೆ ಬರಬಾರದು, ಚಡ್ಡಿಯ ಅಂಚು ಬರುವ ಸಂದಿಯಲ್ಲಿ ಕೂರಬೇಕು. ಒಳಗಿನ ಬಟ್ಟೆಯ ಚೂರು ಹೊರಗೆ ಇಣುಕಿದರೂ ಅಲ್ಲಿಂದ ಒದ್ದೆ ಹರಡುತ್ತದೆ. ವೆಲ್ಕ್ರೋಗಿಂತ ಬಟನ್ ನನಗೆ ಇಷ್ಟ. ವೆಲ್ಕ್ರೋದಲ್ಲಿ ನೂಲಿನ ಚೂರು ತುಂಬಿಕೊಳ್ಳುತ್ತದೆ, ಮಗು ಒಂದು ವರ್ಷ ದಾಟಿದ ಮೇಲೆ ಅದೇ ಕಿತ್ತು ತೆಗೆಯುತ್ತದೆ.

ಇನ್ನೊಂದು ವಿಷಯ, ಎಣ್ಣೆ. ನಾವು ಮಗುವಿಗೆ ತೆಂಗಿನೆಣ್ಣೆ ಧಾರಾಳ ಹಚ್ಚುವವರು. ಪಾಕೆಟ್‌ನ ಒಳಪದರ ಪಾಲಿಯೆಸ್ಟರ್ ಆದ್ದರಿಂದ ಎಣ್ಣೆ ಹಿಡಿದರೆ ಮೂತ್ರ ಒಳಗೆ ಇಳಿಯದೆ ಮೇಲೆಯೇ ಜಾರಿ ಪಕ್ಕದಿಂದ ಹೊರಗೆ ಬರುತ್ತದೆ. ಡೈಪರ್ ಹಾಳಾಯಿತು ಅಂತ ಬಿಸಾಡುವವರು ಇದ್ದಾರೆ. ಬಿಸಿನೀರು, ಸಾಬೂನು ಪುಡಿ ಹಾಕಿ ಉಜ್ಜಿದರೆ ಸರಿಯಾಗುತ್ತದೆ. ಎಣ್ಣೆ ಸ್ನಾನದ ದಿನ ನಾನು ಹಳೆ ಪಂಚೆಯ ಒಂದು ತುಂಡನ್ನು ಮೈಗೂ ಡೈಪರ್‌ಗೂ ನಡುವೆ ಇಡುತ್ತೇನೆ. ಪೆಟ್ರೋಲಿಯಂ ಜೆಲ್ಲಿ, ಬಿಳಿ ಜಿಂಕ್ ಕ್ರೀಮ್ ಹಚ್ಚುವಾಗಲೂ ಹಾಗೆಯೇ.

ಒಗೆಯುವುದು ಜನ ಹೆದರುವಷ್ಟು ಕಷ್ಟ ಇಲ್ಲ. ಕಕ್ಕವನ್ನು ಟಾಯ್ಲೆಟ್ಟಿಗೆ ಬಿಟ್ಟು, ಹೆಲ್ತ್ ಫಾಸೆಟ್‌ನಲ್ಲಿ ನೀರು ಹಾಯಿಸಿ, ಗಾಳಿಯಾಡುವ ಬುಟ್ಟಿಯಲ್ಲಿ ಹಾಕಿಡುತ್ತೇನೆ. ಬಕೆಟ್ ನೀರಲ್ಲಿ ನೆನೆಸಿಟ್ಟರೆ ವಾಸನೆ ಜಾಸ್ತಿ, ಕವರ್‌ಗೂ ಒಳ್ಳೆಯದಲ್ಲ. ದಿನ ಬಿಟ್ಟು ದಿನ ಮೆಷಿನ್. ಮೊದಲು ತಣ್ಣೀರಲ್ಲಿ ಒಂದು ಸುತ್ತು, ಆಮೇಲೆ ಸಾಬೂನು ಹಾಕಿ 40 ಡಿಗ್ರಿಯಲ್ಲಿ ಪೂರ್ತಿ ಸುತ್ತು, ಕೊನೆಗೆ ಇನ್ನೊಂದು ಸ್ಪಿನ್. ಮಳೆಗಾಲದಲ್ಲಿ ಆ ಎರಡನೇ ಸ್ಪಿನ್ ಬಿಡಲೇಬೇಡಿ. ಬಟ್ಟೆ ಮೆತ್ತಗೆ ಮಾಡುವ ಕಂಫರ್ಟ್ ತರಹದ್ದು ಹಾಕಬಾರದು, ಅದು ನೂಲಿನ ಮೇಲೆ ಪದರ ಕಟ್ಟಿ ಹೀರುವುದನ್ನು ತಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿ ಇಳಿದು ನಗರದ ನಲ್ಲಿ ನೀರು ಬಿಗಿಯಾದಾಗ ಬೈರಾಸು ಮತ್ತೆ ಕೈ ಹಿಡಿಯಿತು. ತೆಳ್ಳಗಿನ ಬಟ್ಟೆಯಿಂದ ಸಾಬೂನು ಬೇಗ ಹೋಗುತ್ತದೆ, ದಪ್ಪ ಇನ್ಸರ್ಟ್‌ಗೆ ಜಾಲಿಸಿದಷ್ಟೂ ನೊರೆ.

ಇಷ್ಟೆಲ್ಲ ಯಾಕೆ, ಬಿಸಾಡುವುದನ್ನೇ ಹಾಕಿದರಾಗದಾ ಅಂತ ಗೆಳತಿಯರು ಕೇಳುತ್ತಾರೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂತು. ಆ ಚಿತ್ರಗಳು ನನ್ನ ತಲೆಯಿಂದ ಹೋಗಿಲ್ಲ. ನನ್ನ ಮಗಳ ಡೈಪರ್ ಇನ್ನೊಬ್ಬರ ತೋಟಕ್ಕೆ ಹೋಗುವುದು ನನಗೆ ಬೇಡ. ಬಿಸಾಡುವುದನ್ನು ಬಳಸುವವರು ಕನಿಷ್ಠ ಸುತ್ತಿ ಬೇರೆಯೇ ಕೊಡಿ, ಘನತ್ಯಾಜ್ಯ ನಿಯಮದಲ್ಲೂ ಹಾಗೇ ಇದೆ.

ಕೊಳ್ಳುವವರು ನಾಲ್ಕೈದು ಪಿಯುಎಲ್ ಕವರ್, ಎರಡು ಡಜನ್ ಬೈರಾಸು ಅಥವಾ ಮಲ್ ಬಟ್ಟೆಯ ಚೌಕ, ರಾತ್ರಿಗೆ ಮೂರ್ನಾಲ್ಕು ಪಾಕೆಟ್ ತನ್ನಿ. ಮಗುವಿನ ಮೈಕಟ್ಟು ನೋಡಿ ಆಮೇಲೆ ಬೇಕಿದ್ದರೆ ಸೇರಿಸಿ. ಅಗ್ಗದ ಕವರ್‌ಗಳಲ್ಲಿ ಒಂದೂವರೆ ವರ್ಷಕ್ಕೆ ಎಲಾಸ್ಟಿಕ್ ಸಡಿಲ ಆಗುತ್ತದೆ. ನಮ್ಮ ಬೀದಿಯ ಟೈಲರ್ ಹಳೆಯದನ್ನು ತೆಗೆದು ಹೊಸದು ಹಾಕಿಕೊಟ್ಟರು, ಈಗ ಸೋರುತ್ತಿಲ್ಲ. ಆ ಕವರ್‌ಗಳು ಮುಂದಿನ ತಿಂಗಳು ನನ್ನ ನಾದಿನಿಯ ಮಗುವಿಗೆ ಹೋಗುತ್ತವೆ, ಆಲ್-ಇನ್-ಒನ್ ಮಾತ್ರ ಮೈಸೂರಿನಲ್ಲಿರುವ ತಂಗಿಗೆ.