ಡ್ರಿಲ್ ಚಕ್‌ನಲ್ಲಿ ಎಂಡ್ ಮಿಲ್ ಹಿಡಿಸಬೇಡಿ

ಎಡಗೈ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿವೆ. ಇದನ್ನು ಬಲಗೈಯೊಂದರಲ್ಲೇ ಟೈಪ್ ಮಾಡುತ್ತಿದ್ದೇನೆ. ಮೇಜಿನ ಮೇಲಿಡುವ ಪುಟ್ಟ ಮಿಲ್ಲಿಂಗ್ ಯಂತ್ರ (ತಿರುಗುವ ಕಟರಿನಿಂದ ಲೋಹ ಕೊರೆಯುವಂಥದ್ದು) ಕೊಂಡವರು, ಕೊಳ್ಳಬೇಕೆಂದಿರುವವರು ದಯವಿಟ್ಟು ಓದಿ.

ಯಂತ್ರದ ಜೊತೆ ಡ್ರಿಲ್ ಬಿಟ್ಟನ್ನು ದವಡೆಗಳಲ್ಲಿ ಕಚ್ಚಿ ಹಿಡಿಯುವ ಡ್ರಿಲ್ ಚಕ್ ಬಂದಿತ್ತು, ಕಟರನ್ನು ಸುತ್ತಲೂ ಅಪ್ಪಿ ಹಿಡಿಯುವ ಕಾಲೆಟ್‌ಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಯಂತ್ರಕ್ಕೇ ಇಷ್ಟು ಸುರಿದಾಗಿದೆ, ಕಾಲೆಟ್ ಮುಂದಿನ ತಿಂಗಳು ನೋಡೋಣ ಎಂದುಕೊಂಡೆ. ಡ್ರಿಲ್ ಹಿಡಿಯುವ ಚಕ್ 10 ಮಿ.ಮೀ. ಎಂಡ್ ಮಿಲ್ಲನ್ನು (ನೋಡಲು ಡ್ರಿಲ್ಲಿನಂತಿದ್ದು, ಪಕ್ಕಕ್ಕೆ ಸಾಗುತ್ತಾ ಕೊರೆಯುವ ಕಟರ್) ಹಿಡಿಯದೇ? ಹಿಡಿಯಿತು. ಮೊದಲ ಅಲ್ಯೂಮಿನಿಯಂ ತುಂಡನ್ನು ಸಲೀಸಾಗಿ ಕೊರೆದೂ ಕೊಟ್ಟಿತು. ಅದೇ ನನ್ನನ್ನು ಕೆಡಿಸಿದ್ದು.

ಭಾನುವಾರ ಮಾದರಿ ಉಗಿ ಎಂಜಿನ್ನಿನ ತಳಕ್ಕೆಂದು ಮೈಲ್ಡ್ ಸ್ಟೀಲ್‌ನಲ್ಲಿ ಸ್ಲಾಟ್ ತೆಗೆಯುತ್ತಿದ್ದೆ. ಆಳ ಒಂದೇ ಮಿ.ಮೀ. ಅರ್ಧಕ್ಕೆ ಬರುವಷ್ಟರಲ್ಲಿ ಸದ್ದು ಒರಟಾಯಿತು. ಯಂತ್ರದ ತಲೆ ಇಳಿಸುವ ಚಕ್ರವನ್ನು ಮುಟ್ಟಿಯೇ ಇಲ್ಲ, ಆದರೂ ಸ್ಲಾಟ್ ಆಳವಾಗುತ್ತಲೇ ಹೋಗುತ್ತಿದೆ! ಆಫ್ ಮಾಡುವುದು ಬಿಟ್ಟು, ಚೂರು ಗುಡಿಸಿ ನೋಡೋಣವೆಂದು ಬ್ರಷ್ ಚಾಚಿದೆ. ಚಕ್ ಇಡಿಯಾಗಿ ಕಳಚಿಬಿದ್ದು, ತಿರುಗುತ್ತಲೇ ಕುಣಿದು ಬೆರಳಿಗೆ ಬಡಿಯಿತು. ಮುರಿದ ಎಂಡ್ ಮಿಲ್ಲಿನ ಚೂರೊಂದು ರಕ್ಷಣಾ ಕನ್ನಡಕದ ಮೇಲೆ ಗೀರು ಎಳೆದು ಹೋಯಿತು.

ಪೀಣ್ಯದ ಟೂಲ್ ರೂಮ್‌ಗಳಲ್ಲಿ ದುಡಿದು ನಿವೃತ್ತರಾದ ನೆರೆಮನೆಯವರು ಮೊದಲು ಬೈದರು, ಆಮೇಲೆ ವಿವರಿಸಿದರು. ಡ್ರಿಲ್ಲಿನ ಒತ್ತಡ ನೇರ ಮೇಲಕ್ಕೆ. ಅದು ಚಕ್ಕನ್ನು ಟೇಪರಿಗೆ (ಚಕ್ ಕೂರುವ, ತುದಿಯತ್ತ ಸಣ್ಣದಾಗುವ ದಂಡ) ಇನ್ನಷ್ಟು ಬಿಗಿಯುತ್ತದೆ. ಎಂಡ್ ಮಿಲ್ಲಿಗೆ ಬೀಳುವುದು ಅಡ್ಡಪೆಟ್ಟು, ಹಲ್ಲು ಹಲ್ಲಿಗೂ ಒಂದೊಂದು. ಸಾಲದ್ದಕ್ಕೆ ಅದರ ಸುರುಳಿ ಸ್ಕ್ರೂವಿನಂತೆ ತನ್ನನ್ನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಚಕ್ಕಿನ ದವಡೆಗಳು ಆ ನುಣುಪು ದಂಡವನ್ನು ಹಿಡಿಯುವುದು ಮೂರೇ ಗೆರೆಗಳಲ್ಲಿ, ಜಾರದೇ ಇರುತ್ತದೆಯೇ?

ಮೇಲಿನಿಂದ ಎಳೆದು ಹಿಡಿಯುವ ಉದ್ದ ಬೋಲ್ಟನ್ನು, ಅಂದರೆ ಡ್ರಾಬಾರನ್ನು, ಬಿಗಿ ಮಾಡಿದ್ದೆನಲ್ಲ ಎಂದು ವಾದಿಸಿದೆ. ಡ್ರಾಬಾರ್ ಹಿಡಿದದ್ದು ಸ್ಪಿಂಡಲ್ಲಿನೊಳಗೆ (ಯಂತ್ರದ ತಿರುಗುವ ಟೊಳ್ಳು ದಂಡ) ಕೂತು ಚಕ್ಕನ್ನು ಹೊರುವ ಆರ್ಬರನ್ನು ಮಾತ್ರ. ಆರ್ಬರಿಗೂ ಚಕ್ಕಿಗೂ ನಡುವಿನ ಗಿಡ್ಡ ಟೇಪರ್ ಬರೀ ಘರ್ಷಣೆಯನ್ನು ನಂಬಿ ನಿಂತಿತ್ತು. ಯಂತ್ರದ ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಅದರಲ್ಲಿ ಅರ್ಧಕ್ಕರ್ಧ ಬಿಡಿಭಾಗಗಳ ಪಟ್ಟಿ.

ಕೈಗವಸು ಹಾಕಬಾರದಿತ್ತೇ ಎಂದರು ವೈದ್ಯರು. ಹಾಕಿದ್ದರೆ ಅದು ಸುತ್ತಿಕೊಂಡು ಕೈಯನ್ನೇ ಒಳಗೆಳೆಯುತ್ತಿತ್ತು. ತಿರುಗುವ ಯಂತ್ರದ ಬಳಿ ಕೈಗವಸು ಕೂಡದು.

ಕಾಲೆಟ್ ತರಿಸುವ ಮುನ್ನ ಸ್ಪಿಂಡಲ್ಲಿನೊಳಗಿನ ಟೇಪರ್ ಯಾವ ಮಾದರಿಯದೆಂದು ನೋಡಿಕೊಳ್ಳಿ. ಇಂಥ ಯಂತ್ರಗಳಲ್ಲಿ ಹೆಚ್ಚಾಗಿ ಎಂಟಿ3 ಅಥವಾ ಆರ್8 ಇರುತ್ತದೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನನ್ನದು ಎಂಟಿ3. ಅವಘಡದಲ್ಲಿ ಯಂತ್ರದ ತಲೆಯೊಳಗಿನ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ಕೂಡ ಉದುರಿವೆ. ಕಾಲೆಟ್ ದುಡ್ಡು ಉಳಿಸಲು ಹೋದವನು ಈಗ ಕಾಲೆಟ್, ಗೇರ್, ಚಕ್ ಮೂರಕ್ಕೂ ಆರ್ಡರ್ ಹಾಕಿ ಕುಳಿತಿದ್ದೇನೆ.